ಗಾಜಿನ ತಟ್ಟೆಯಲ್ಲಿ ಗೆದ್ದ ಔಷಧಿ

ಮೂರನೆಯ ಕಿಮೋಗೆ ಹುಬ್ಬಳ್ಳಿಗೆ ಹೋಗಬೇಕಾದ ದಿನ ರಹಿಮತಬಿ ದಾಂಡೇಲಿಯ ತನ್ನ ಮನೆಯಲ್ಲೇ ಮಲಗಿಬಿಟ್ಟಳು. ಎದೆಯ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ಎರಡು ಕಿಮೋಗೇ ಕೂದಲು ಉದುರಿತ್ತು. ವಾಂತಿ, ಬಾಯಿಹುಣ್ಣು, ಬಸ್ಸಿನ ಕುಲುಕಾಟ ಎಲ್ಲ ಸೇರಿ ಅವಳನ್ನು ಹಿಂಡಿ ಹಾಕಿದ್ದವು. ಗಂಡ ಯೂಸುಫ ಗ್ಯಾರೇಜು ಮುಚ್ಚಿ ಬಂದು ಕರೆದರೆ, ಇನ್ನು ತನ್ನ ಕೈಲಾಗದು ಎಂದು ಗೋಡೆಯತ್ತ ಹೊರಳಿದಳು.

ಆ ವಾರವೇ ಯೂಸುಫನ ಮೊಬೈಲಿಗೆ ಒಂದು ಸುದ್ದಿ ಬಂದಿತು. ಚೀನಾದ ಉಯ್ಘರ್ ಮುಸಲ್ಮಾನರಲ್ಲಿ ಹಕೀಮರು ತಲೆತಲಾಂತರದಿಂದ ಕೊಡುವ ಗಿಡಮೂಲಿಕೆ ಔಷಧಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರಂತೆ, ಕ್ಯಾನ್ಸರ್ ಜೀವಕೋಶಗಳು ಸತ್ತವಂತೆ. ಹತ್ತಿರದ ರಾಮನಗರದಲ್ಲಿ ಒಬ್ಬ ಅದೇ ಔಷಧಿ ಎಂದು ಪುಡಿ ಮಾರುತ್ತಿದ್ದ. ಯೂಸುಫ ತಂದುಕೊಟ್ಟ. ರಹಿಮತಬಿ ಎರಡು ಹೊತ್ತೂ ಬಿಸಿನೀರಲ್ಲಿ ಕದಡಿ ಕುಡಿದಳು. ಆಸ್ಪತ್ರೆಯಿಲ್ಲ, ಬಸ್ಸಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು.

ಮೂರು ವಾರದಲ್ಲಿ ಅವಳ ಕಣ್ಣು ಹಳದಿಯಾದವು, ಅನ್ನ ಕಂಡರೆ ಹೊಟ್ಟೆ ತೊಳಸತೊಡಗಿತು. ಯೂಸುಫ ಹೆದರಿ ಲೀನಾಳನ್ನು ಕರೆತಂದ. ಲೀನಾ ಹಳಿಯಾಳ ತಾಲೂಕಿನ ಸಿದ್ದಿ ಕುಟುಂಬದವಳು, ಊರಿನ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಪ್ರತಿ ಕಿಮೋಗೆ ಮೊದಲು ರಹಿಮತಬಿಯ ರಕ್ತ ತೆಗೆಯುತ್ತಿದ್ದವಳೂ ಅವಳೇ. ಮರುದಿನ ವರದಿ ಹಿಡಿದು ಬಂದಳು. ಲಿವರಿಗೆ ಪೆಟ್ಟು ಬಿದ್ದಿತ್ತು. ಪುಡಿಯ ಪೊಟ್ಟಣ ತಿರುಗಿಸಿ ನೋಡಿದರೆ, ಒಳಗೇನಿದೆ, ಮಾಡಿದವರು ಯಾರು, ಒಂದೂ ಬರೆದಿರಲಿಲ್ಲ.

"ಮತ್ತ ಆ ಸುದ್ದಿ ಸುಳ್ಳೇನು?" ರಹಿಮತಬಿ ಕೇಳಿದಳು.

"ಸುಳ್ಳಲ್ಲ ಅಕ್ಕಾ. ಗಾಜಿನ ತಟ್ಟಿಯೊಳಗ ಜೀವಕೋಶ ಬೆಳಸಿ, ಅದರ ಮ್ಯಾಲೆ ಔಷಧ ಹಾಕಿ ನೋಡ್ತಾರ. ಅಲ್ಲಿ ಸಾಬೂನಿನ ನೀರು ಹಾಕಿದ್ರೂ ಅವು ಸಾಯ್ತಾವ. ಹಂಗಂತ ನಾವು ಸಾಬೂನಿನ ನೀರು ಕುಡೀತೇವೇನು?"

ತಟ್ಟೆಯ ಪರೀಕ್ಷೆ ಮೊದಲ ಮೆಟ್ಟಿಲು ಮಾತ್ರ ಎಂದು ಲೀನಾ ಬಿಡಿಸಿ ಹೇಳಿದಳು. ಆಮೇಲೆ ಪ್ರಾಣಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ, ಎಷ್ಟು ಕೊಟ್ಟರೆ ಗುಣ, ಎಷ್ಟಾದರೆ ವಿಷ ಎಂದು ವರ್ಷಗಟ್ಟಲೆ ನೋಡಬೇಕು. ತಟ್ಟೆಯಲ್ಲಿ ಗೆದ್ದ ಎಷ್ಟೋ ಔಷಧಿಗಳು ಮೈಯೊಳಗೆ ಸೋಲುತ್ತವೆ. ಈಗ ಆಸ್ಪತ್ರೆಯಲ್ಲಿ ಕೊಡುವ ಕೆಲವು ಕ್ಯಾನ್ಸರ್ ಔಷಧಿಗಳೂ ಗಿಡದಿಂದಲೇ ಬಂದವು, ಆದರೆ ಅಷ್ಟೂ ಮೆಟ್ಟಿಲು ಹತ್ತಿ ಬಂದವು. ಯೂಸುಫನಿಗೆ ಸುದ್ದಿಯನ್ನು ಪೂರ್ತಿ ಓದಲು ಹೇಳಿದಳು. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಿಲ್ಲ ಎಂದು ಕೊನೆಯ ಸಾಲಿನಲ್ಲೇ ಇತ್ತು.

"ನಾ ಮ್ಯಾಲಿಂದಷ್ಟ ಓದಿದ್ದೆ," ಎಂದು ಯೂಸುಫ ತಲೆ ತಗ್ಗಿಸಿದ.

"ಎಲ್ಲಾ ತಿಳೀತು ಲೀನಾ," ಎಂದಳು ರಹಿಮತಬಿ. "ಆದ್ರ ನನಗ ಸಾಕಾಗೇತಿ."

ಲೀನಾ ವರದಿಯನ್ನು ಪಕ್ಕಕ್ಕಿಟ್ಟಳು. ವಾಂತಿಯ ವಿಷಯ ಡಾಕ್ಟರಿಗೆ ಹೇಳಿದ್ದೀಯಾ ಎಂದು ಕೇಳಿದಳು. ಹೇಳಿರಲಿಲ್ಲ. ಹಿಂದೆ ಅಷ್ಟು ಮಂದಿ ಪಾಳಿಯಲ್ಲಿ ಕೂತಿರುವಾಗ ತನ್ನ ಗೋಳು ಯಾಕೆ ಎಂದು ರಹಿಮತಬಿ ಬಾಯಿ ಮುಚ್ಚಿಕೊಂಡಿದ್ದಳು.

"ಸಾಕಾಗೂದು ಖರೇನ ಐತಿ ಅಕ್ಕಾ. ಅದನ್ನೂ ಡಾಕ್ಟರಿಗೆ ಹೇಳಬೇಕು. ವಾಂತಿಗೆ ಬ್ಯಾರೆ ಗುಳಿಗಿ ಅದಾವು. ನಾಳೆ ನಾನೂ ಬರ್ತೇನಿ, ಹೋಗೂಣು."

ಹೋದರು. ಡಾಕ್ಟರು ಬೈಯಲಿಲ್ಲ. ಪುಡಿ ನಿಲ್ಲಿಸಿದರು. ಲಿವರ್ ಸುಧಾರಿಸಲು ಒಂದು ತಿಂಗಳೇ ಹಿಡಿಯಿತು, ಅಷ್ಟರಲ್ಲಿ ಗಡ್ಡೆ ಬೆಳೆದಿತ್ತು. ವಾಂತಿಯ ಗುಳಿಗೆ ಬದಲಿಸಿ ಕಿಮೋ ಮತ್ತೆ ಶುರುಮಾಡಿದರು. ಕಳೆದ ವಾರ ಐದನೆಯದು ಮುಗಿಯಿತು. ಗಡ್ಡೆ ಈಗ ಕುಗ್ಗುತ್ತಿದೆ. ಸುಸ್ತು ಹೋಗಿಲ್ಲ. ಬಸ್ಸು ಹತ್ತಿದರೆ ಯೂಸುಫನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಾಳೆ. ಆದರೆ ಹತ್ತುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕ್ಯಾನ್ಸರಿಗೆ ಔಷಧಿ ಸಿಕ್ಕಿತೆಂಬ ಸುದ್ದಿ ಬಂದರೆ ಕೊನೆಯ ಸಾಲಿನವರೆಗೆ ಓದಿ. ಪರೀಕ್ಷೆ ಆದದ್ದು ತಟ್ಟೆಯಲ್ಲೋ ಮನುಷ್ಯರಲ್ಲೋ ಎಂದು ಕೇಳಿ. ಯಾವ ಪುಡಿ, ಕಷಾಯ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಮುಚ್ಚಿಡಬೇಡಿ. ಚಿಕಿತ್ಸೆ ನಡುವೆ ದಣಿವಾದರೆ ಬಿಟ್ಟು ಕೂಡಬೇಡಿ. ದಣಿದಿದ್ದೇನೆ ಎಂದು ಬಾಯಿಬಿಟ್ಟು ಹೇಳಿ.