ಕೂಗಿದ ಕೂಡಲೇ ಬಂದ ಕುದುರೆ

ಗ್ಯಾರೇಜಿನಲ್ಲಿ ಗಾಡಿಯ ಕೆಳಗಿಳಿದು ಕೆಲಸ ಮಾಡುವ ಎರಡು ಗುಂಡಿಗಳಿದ್ದವು; ಬರುತ್ತಿದ್ದ ಗಾಡಿಗಳಿಗೆ ಈಗ ಒಂದೇ ಸಾಕಾಗಿತ್ತು. ಒಂದರಲ್ಲಿ ಪ್ಲಗ್ಗು ಎಂಬ ಅಡ್ಡಹೆಸರಿನವನು ಮತ್ತು ಅವನ ಅಣ್ಣ, ಇನ್ನೊಂದರಲ್ಲಿ ತಣ್ಣೀರು ಎಂಬ ಹಳೆಯ ಮೆಕ್ಯಾನಿಕ್ಕು ಮತ್ತು ಅವನ ಅಳಿಯ. ಯಾವ ಜೋಡಿಯನ್ನು ಕೆಲಸದಿಂದ ಕಳಿಸಬೇಕು ಅಂತ ಬಾಯಿಬಿಟ್ಟು ಹೇಳುವಷ್ಟು ಎದೆ ಓನರಿಗೆ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ದಿನಾ ಊಟ ಆದ್ಮೇಲೆ ಜೋಡಿ ಚೆಸ್ ಆಡ್ತೀರಲ್ಲ, ಇವತ್ತೂ ಆಡಿ. ಗೆದ್ದ ಜೋಡಿ ಇರ್ಲಿ. ಆಮೇಲೆ ನನ್ನ ಮೇಲೆ ಯಾರೂ ಬೇಜಾರು ಮಾಡ್ಕೋಬಾರ್ದು ನೋಡಿ," ಅಂದ.

"ನಮ್ಮ ಹೊಟ್ಟೆ ಮೇಲೆ ಆಟ ಆಡಿಸ್ತೀರಾ?" ಪ್ಲಗ್ಗು ಸಿಡಿದ. ಆ ಹೆಸರು ಸುಮ್ಮನೆ ಬಂದದ್ದಲ್ಲ, ಮುಟ್ಟಿದರೆ ಕಿಡಿ.

ಅಣ್ಣ ಅವನ ತೋಳು ಹಿಡಿದು ಕೂರಿಸಿದ. "ಸುಮ್ನಿರೋ ಮಾರಾಯ. ಆಡೋಣ."

ಪ್ಲಗ್ಗಿಗೆ ತನ್ನ ಚಿಂತೆ ಇರಲಿಲ್ಲ. ಮೈಯಲ್ಲಿ ಕಸುವಿತ್ತು, ಎಲ್ಲಿಗೆ ಹೋದರೂ ಬದುಕಿಕೊಂಡಾನು. ಅಣ್ಣನ ಬೆನ್ನು ಮಾತ್ರ ಇದೇ ಗ್ಯಾರೇಜಿನಲ್ಲಿ ಜಾಕು ಜಾರಿದ ದಿನ ಮುರಿದಿತ್ತು. ಗುಂಡಿಗೆ ಇಳಿಯಲಾರ, ಭಾರ ಎತ್ತಲಾರ. ಕೆಲಸ ಕಲಿಸಿದ ಅಣ್ಣನೇ ಈಗ ಮೇಲೆ ಸ್ಟೂಲಿನಲ್ಲಿ ಕೂತು, ತಮ್ಮ ಕೆಳಗಿನಿಂದ ಕೈ ಚಾಚಿ ಕೂಗಿದ್ದನ್ನು ಆ ಕೈಗೆ ಇಡುತ್ತಿದ್ದ. ಹದಿಮೂರು ಎಂದರೆ ಹದಿಮೂರರ ಸ್ಪ್ಯಾನರು, ಸುತ್ತಿಗೆ ಎಂದರೆ ಸುತ್ತಿಗೆ. ಯಾಕೆ ಎನ್ನುತ್ತಿರಲಿಲ್ಲ, ಕತ್ತೆತ್ತಿ ನೋಡುತ್ತಿರಲಿಲ್ಲ. ಕೂಗು ಮುಗಿಯುವ ಮೊದಲೇ ಅಂಗೈಯಲ್ಲಿ ಕಬ್ಬಿಣ. ಇಂಥವನನ್ನು ಬೇರೆ ಯಾವ ಗ್ಯಾರೇಜು ಒಳಗೆ ಬಿಟ್ಟುಕೊಂಡೀತು?

ಹಳೆಯ ಟೈರುಗಳ ಮೇಲೆ ಹಲಗೆ, ಹಲಗೆಯ ಮೇಲೆ ಅಕ್ಕಪಕ್ಕ ಎರಡು ಬೋರ್ಡು, ಒಂದೊಂದಕ್ಕೂ ಒಂದು ಗಡಿಯಾರ. ಮಾಮೂಲಿ ಚೆಸ್ಸಲ್ಲ ಇದು. ಇಲ್ಲಿ ಸತ್ತ ಕಾಯಿಗೂ ಮುಕ್ತಿಯಿಲ್ಲ. ಅಣ್ಣನದು ಕಪ್ಪಾದರೆ ತಮ್ಮನದು ಬಿಳಿ. ಅಣ್ಣ ತನ್ನ ಎದುರಾಳಿಯ ಬಿಳಿ ಕುದುರೆ ಹೊಡೆದರೆ ಅದು ತಮ್ಮನ ಕೈಸೇರುತ್ತದೆ. ತಮ್ಮ ತನ್ನ ಸರದಿ ಬಂದಾಗ ನಡೆಯ ಬದಲು ಅದನ್ನು ಯಾವ ಖಾಲಿ ಮನೆಗಾದರೂ ಇಳಿಸಬಹುದು. ಪದಾತಿಯನ್ನು ಮಾತ್ರ ಮೊದಲ ಸಾಲಿಗೂ ಕೊನೆಯ ಸಾಲಿಗೂ ಇಳಿಸುವಂತಿಲ್ಲ. ಒಬ್ಬನ ರಾಜ ಬಿದ್ದರೆ ಇಬ್ಬರೂ ಸೋತಂತೆ. ಜೊತೆಗಾರನಿಗೆ ಬಾಯಲ್ಲಿ ಏನು ಬೇಕಾದರೂ ಹೇಳು, ಅವನ ಕಾಯಿ ಮುಟ್ಟಬೇಡ. ನೀನೆಷ್ಟೇ ಜಾಣನಾಗಿರು, ಪಕ್ಕದವನು ಕಳೆದುಕೊಂಡದ್ದೆಲ್ಲ ನಿನ್ನೆದುರು ಕೂತವನ ಕೈಗೆ ಹೋಗಿ, ನಿನ್ನ ತಲೆ ಮೇಲೇ ಬೀಳುತ್ತದೆ.

ಪ್ಲಗ್ಗಿನ ಎದುರು ತಣ್ಣೀರು, ಅಣ್ಣನ ಎದುರು ಅಳಿಯ. ಪ್ಲಗ್ಗು ಸಿಟ್ಟಿನಲ್ಲೇ ಆಡಿದ, ಆದರೆ ಚೆನ್ನಾಗಿ ಆಡಿದ. ಅಣ್ಣ ಕಳಿಸಿದ ಪದಾತಿಗಳನ್ನೆಲ್ಲ ತಣ್ಣೀರಿನ ರಾಜನ ಸುತ್ತ ಮೊಳೆಯಂತೆ ಹೊಡೆದ. ಕೊನೆಗೆ ಆನೆ ಸರಿಸಿ ಗಡಿಯಾರ ಒತ್ತಿದ. ಇನ್ನು ಒಂದು ಕುದುರೆ ಸಿಕ್ಕಿದರೆ ಮುಂದಿನ ಸರದಿಗೆ ಕಥೆ ಮುಗಿಯಿತು.

"ಅಣ್ಣಾ, ಕುದುರೆ!"

ಗುಂಡಿಯೊಳಗಿನಿಂದ ಕೂಗುವ ಅದೇ ದನಿ. ಅಣ್ಣನ ಕೈಗೆ ಕೇಳಿಸಿತು, ತಲೆಗೆ ಕೇಳಿಸಲಿಲ್ಲ. ಅವನು ರಾಣಿಯನ್ನೆತ್ತಿದ. ಅಳಿಯನ ಕುದುರೆಗೆ ಪದಾತಿಯ ಕಾವಲಿತ್ತು; ಹೊಡೆದರೆ ರಾಣಿ ಹೋದಂತೆ.

"ರಾಣಿಯಿಂದ ಬೇಡ ಅಣ್ಣಾ, ಬೇಡ!"

ಅಷ್ಟರಲ್ಲಿ ಕುದುರೆ ಪ್ಲಗ್ಗಿನ ಅಂಗೈಯಲ್ಲಿತ್ತು.

ಸರದಿ ತಣ್ಣೀರಿನದು. ಅವನ ಗಡಿಯಾರ ಓಡುತ್ತಿತ್ತು. ಅವನೋ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತ. ಗಡಿಯಾರದಲ್ಲಿ ಸಮಯ ಉಳಿದಿರುವಷ್ಟು ಹೊತ್ತು ಸುಮ್ಮನೆ ಕೂರಬಹುದು, ಕೇಳುವವರಿಲ್ಲ.

"ಅಳಿಯಂದ್ರೇ, ಆ ರಾಣಿ ಹೊಡ್ದು ಈ ಕಡೆ ತಳ್ಳಿ. ನಂಗೇನೂ ಅವಸರ ಇಲ್ಲ."

"ಆಡೋ ಮುದುಕಾ! ನಿನ್ನ ಸರದಿ!"

"ಗೊತ್ತಪ್ಪಾ. ನಿಂದಲ್ಲ ಅನ್ನೋದೂ ಗೊತ್ತು."

ಅಳಿಯ ಅಣ್ಣನ ಮುಖ ನೋಡಲಿಲ್ಲ. ರಾಣಿಯನ್ನು ಹೊಡೆದು ಮಾವನತ್ತ ದೂಡಿದ. ತಣ್ಣೀರು ಕೈ ಹೊರಗೆ ತೆಗೆದು, ಒರೆಸಿಕೊಂಡು, ಅವಳನ್ನು ಪ್ಲಗ್ಗಿನ ರಾಜನ ಮಗ್ಗುಲಲ್ಲೇ ಇಳಿಸಿದ. ಅವಳಿಗೆ ದೂರದಿಂದ ತಣ್ಣೀರಿನ ಒಂಟೆಯ ಕಾವಲು. ರಾಜನ ಸುತ್ತ ಅವನದೇ ಕಾಯಿಗಳ ಗೋಡೆ. ನಡುವೆ ಕುದುರೆ ಇಳಿಸೋಣವೆಂದರೆ ಒಂದು ಮನೆಯ ಸಂದೂ ಇರಲಿಲ್ಲ. ರಾಜ ಬಿದ್ದಿದ್ದ. ಪ್ಲಗ್ಗು ಬೋರ್ಡು ನೋಡಿದ, ಮುಷ್ಟಿ ಬಿಚ್ಚಿ ಕುದುರೆ ನೋಡಿದ.

"ಆಟ ಅಂದ್ಮೇಲೆ ಆಟಾನೇ," ಎನ್ನುತ್ತ ಓನರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಫೋನು ರಿಂಗಾಗಿರಲಿಲ್ಲ.

ಪ್ಲಗ್ಗು ಹಲಗೆಯನ್ನು ಒದೆಯಲು ಕಾಲೆತ್ತಿದ. ಒದ್ದರೆ ಯಾರನ್ನು ಒದ್ದಂತೆ? ರಾಣಿ ಕೊಟ್ಟವನು ಅಣ್ಣ. ಕೇಳಿದವನು ತಾನು. ಒಂದು ಚಣ ಬಾಯಿ ಮುಚ್ಚಿಕೊಂಡಿದ್ದರೆ ಅಣ್ಣ ಅಷ್ಟು ಹೊತ್ತು ತಲೆಯಿಂದಲೇ ಆಡುತ್ತಿದ್ದ.

"ನೀನು ಕೇಳ್ದೆ ಅಂತ ಕೊಟ್ಟೆ ಕಣೋ," ಅಂದ ಅಣ್ಣ.

"ಹೂಂ."

"ತಪ್ಪಾಯ್ತಾ?"

ಪ್ಲಗ್ಗು ಕುದುರೆಯನ್ನು ಹಲಗೆಯ ಮೇಲಿಟ್ಟ. ಗುಂಡಿಯ ಮೇಲೆ ಅರ್ಧ ಬಿಚ್ಚಿದ ಗಾಡಿಯೊಂದು ನಿಂತಿತ್ತು; ಸೋತವರಾದರೂ ಅದನ್ನು ಮುಗಿಸಿಯೇ ಹೋಗಬೇಕು. ಅವನು ಕೆಳಗಿಳಿದ. ಅಣ್ಣ ಬೆನ್ನು ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂತ.

ಪ್ಲಗ್ಗು ಗುಂಡಿಯೊಳಗಿನಿಂದಲೇ ಕೈ ಚಾಚಿದ. "ಹದಿಮೂರು."

ಅಂಗೈ ಖಾಲಿಯೇ ಇತ್ತು. ಮೇಲೆ ಡಬ್ಬಿಯಲ್ಲಿ ಕಬ್ಬಿಣ ಸದ್ದು ಮಾಡಿ ನಿಂತಿತು.

"ಈಗ್ಲೇ ಕೊಡ್ಲೇನೋ?" ಅಣ್ಣ ಕೇಳಿದ.