ಕಾರಿನ ನಡುಕಕ್ಕೆ ವಯಸ್ಸೇ ಕಾರಣವೆ?

ಕೊಲ್ಲಿ ದೇಶದ ಮಿರ್ಕಾಬ್‌ನಲ್ಲಿದ್ದ ಆಫೀಸಿನಿಂದ ಮನೆಗೆ ಹೊರಟ ಯಶೋಧರನಿಗೆ ಅಂದೂ ಅದೇ ಕಾಟ. ಸಿಗ್ನಲ್ ಹಸಿರಾಯಿತು. ಆಕ್ಸಿಲರೇಟರ್ ಒತ್ತಿದ. ಕಾರು ಮುಂದೆ ನುಗ್ಗುವ ಬದಲು ಜ್ವರ ಬಂದವರ ಹಾಗೆ ಗಡಗಡ ನಡುಗಿತು. ಹಿಂದಿನವರು ಹಾರ್ನ್ ಬಾರಿಸಿದರು. ಸ್ವಲ್ಪ ದೂರ ಹೋದ ಮೇಲೆ ನಡುಕ ನಿಂತಿತು. "ಹಾಂ, ಸರಿಯಾಯ್ತು" ಎಂದು ತನಗೆ ತಾನೇ ಹೇಳಿಕೊಂಡು ಮಂಗಾಫ್‌ನ ಮನೆ ಸೇರಿದ.

ಹೆಂಡತಿ ಪುಷ್ಪಾವತಿ ಬಾಗಿಲಲ್ಲೇ ಕೇಳಿದಳು. "ಇವತ್ತೂ ನಡುಗಿತಾ?"

"ಸ್ವಲ್ಪ. ಅದಕ್ಕೂ ವಯಸ್ಸಾಯ್ತಲ್ಲ ಮಾರಾಯ್ತಿ."

"ಗ್ಯಾರೇಜಿಗೆ ತೋರಿಸಿ ಅಂತ ಎಷ್ಟು ಸಲ ಹೇಳುವುದು?"

"ಅವರಿಗೆ ಎಂತ? ಹಳೇ ಗಾಡಿ ನೋಡಿದ ಕೂಡಲೇ ಇಂಜಿನ್ ಖಲಾಸ್, ಗುಜರಿಗೆ ಹಾಕಿ ಅಂತಾರೆ."

ಅವನಿಗೆ ಹೆದರಿಕೆ ಇದ್ದದ್ದು ಆ ಮಾತಿನದೇ. ಕಾರು ಕೊಳ್ಳುವ ಮೊದಲು ಅವನು ಬಿಸಿಲಲ್ಲಿ ಬಸ್ಸಿಗೆ ಕಾದವನು. ಮದುವೆಯಾದ ವರ್ಷ ಪುಷ್ಪಾವತಿಯನ್ನು ಏರ್‌ಪೋರ್ಟಿನಿಂದ ಕರೆತಂದದ್ದು ಇದೇ ಕಾರಿನಲ್ಲಿ. ನೇರ ಮನೆಗೆ ಹೋಗದೆ ಸಮುದ್ರದ ಬದಿಯ ರಸ್ತೆಯಲ್ಲಿ ಸುತ್ತಿಸಿದ್ದ. ಅವಳು ಕಿಟಕಿ ಇಳಿಸಿ, "ಅಯ್ಯೋ, ನಮ್ಮ ಮಲ್ಪೆಯದ್ದೇ ಗಾಳಿ!" ಎಂದು ನಕ್ಕಿದ್ದಳು. ಮಗಳು ತೃಷಾ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಇದರಲ್ಲೇ. ಆ ದಿನ ಅವನು ಎಷ್ಟು ಮೆಲ್ಲಗೆ ಓಡಿಸಿದನೆಂದರೆ, ಪೊಲೀಸನೊಬ್ಬ ತಡೆದು ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿದ್ದ ಹಸುಗೂಸನ್ನು ನೋಡಿ "ಮಬ್ರೂಕ್" ಎಂದು ಹರಸಿ ಕಳಿಸಿದ್ದ. ಚಳಿಗಾಲದಲ್ಲಿ ಮರಳುಗಾಡಿಗೆ ಹೋಗಿ, ಡಿಕ್ಕಿ ತೆರೆದು, ಅದರ ಅಂಚಿನಲ್ಲಿ ಸಾಲಾಗಿ ಕೂತು ನೀರುದೋಸೆ, ಕೋಳಿ ಸಾರು ತಿಂದ ಸಂಜೆಗಳೆಷ್ಟೋ. ಆಗ ಜೊತೆಗಿದ್ದ ಗೆಳೆಯರಲ್ಲಿ ಹೆಚ್ಚಿನವರು ಊರಿಗೆ ಮರಳಿದ್ದರು. ಕಾರು ಮಾತ್ರ ಉಳಿದಿತ್ತು.

ಹಾಗಾಗಿ ಅವನು ಗ್ಯಾರೇಜಿಗೆ ಹೋಗಲೇ ಇಲ್ಲ. ಆಫೀಸಿನಲ್ಲಿ ಒಬ್ಬರು ಹೇಳಿದರೆಂದು ಟಯರ್ ಬದಲಾಯಿಸಿದ. ಇನ್ನೊಬ್ಬರು ಹೇಳಿದರೆಂದು ಪೆಟ್ರೋಲ್ ಟ್ಯಾಂಕಿಗೆ ಏನೋ ದ್ರಾವಣ ಸುರಿದ. ನಡುಕ ಹೋಗಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ವಫ್ರಾದ ತೋಟಗಳಿಂದ ತಾಜಾ ತರಕಾರಿ ತರಲು ಮೂವರೂ ಹೊರಟರು. ಹೈವೇ ಸೇರುವ ತಿರುವಿನಲ್ಲಿ ಯಶೋಧರ ಆಕ್ಸಿಲರೇಟರ್ ಒತ್ತಿದ. ಕಾರು ಅದುರಿತು. ಇನ್ನೂ ಒತ್ತಿದ. ಅದುರಿತೇ ಹೊರತು ವೇಗ ಏರಲಿಲ್ಲ. ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಮಿಣಮಿಣ ಮಿನುಗತೊಡಗಿತು.

"ಡ್ಯಾಡಿ! ಟ್ರಕ್ ಬಿಹೈಂಡ್ ಅಸ್!" ತೃಷಾ ಕಿರುಚಿದಳು.

ಉದ್ದಕ್ಕೆ ಹಾರ್ನ್ ಹೊಡೆಯುತ್ತ ಬಂದ ಟ್ರಕ್ಕು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ಹಾದುಹೋಯಿತು. ಅದರ ಗಾಳಿಗೇ ಕಾರು ತೂಗಿತು. ಯಶೋಧರ ಹೇಗೋ ರಸ್ತೆಯ ಅಂಚಿಗೆ ಬಂದು ನಿಂತ. ಕೈ ಸ್ಟೇರಿಂಗ್ ಬಿಡಲೊಲ್ಲದು. ಪುಷ್ಪಾವತಿ ಮಗಳನ್ನು ಅವಚಿಕೊಂಡಳು. ತಮ್ಮ ಕೆಳಗಿನ ಫ್ಲ್ಯಾಟಿನ ಲೊರೈನ್‌ಗೆ ಫೋನ್ ಮಾಡಿ ಆದದ್ದೆಲ್ಲ ಹೇಳಿದಳು. ಲೊರೈನ್ ಅಹ್ಮದಿ ಕಡೆಯ ಒಂದು ಕಂಪನಿಯಲ್ಲಿ ವಾಹನಗಳ ವಿಭಾಗದ ಇಂಜಿನಿಯರ್.

"ಮೊದಲು ಇಂಜಿನ್ ಆಫ್ ಮಾಡಿ," ಎಂದಳು ಲೊರೈನ್. "ಎರಡೂ ಬದಿಯ ಇಂಡಿಕೇಟರ್ ಒಟ್ಟಿಗೆ ಮಿನುಗಲಿ. ನೋಡ್ಕೊಂಡು ಇಳಿದು ರೋಡಿಂದ ದೂರ ನಿಲ್ಲಿ. ಆ ಹಳದಿ ಲೈಟ್ ಮಿಣಮಿಣ ಅಂದ್ರೆ ಮುಂದೆ ಓಡಿಸ್ಬಾರ್ದು. ನಾನು ಗಾಡಿ ಎಳೆಯುವವರನ್ನು ಕಳಿಸ್ತೇನೆ."

ಕಾರು ಮೆಕ್ಯಾನಿಕ್ ಮೊಯ್ದಿನಬ್ಬರ ಗ್ಯಾರೇಜ್ ಸೇರಿತು. ಮರುದಿನ ಲೊರೈನ್ ತಾನೂ ಅಲ್ಲಿಗೆ ಬಂದಳು.

"ಯಶೋಧರಣ್ಣ, ಯಾವಾಗ ನಡುಗುವುದು? ಬ್ರೇಕ್ ಒತ್ತುವಾಗಲಾ?"

"ಇಲ್ಲ. ಆಕ್ಸಿಲರೇಟರ್ ಒತ್ತುವಾಗ."

"ಸ್ಟೇರಿಂಗ್ ಮಾತ್ರವಾ, ಇಡೀ ಗಾಡಿಯಾ?"

"ಇಡೀ ಗಾಡಿ."

ಮೊಯ್ದಿನಬ್ಬ ಕಾರಿನ ದೋಷ ತೋರಿಸುವ ಸ್ಕ್ಯಾನರ್ ಸಿಕ್ಕಿಸಿದರು. ಅದರಲ್ಲಿ ಬಂದ ಕೋಡ್ ನೋಡಿ, "ನಾಲ್ಕರಲ್ಲಿ ಮೂರನೇ ಸಿಲಿಂಡರಲ್ಲಿ ಪೆಟ್ರೋಲ್ ಸರಿ ಉರಿಯುದಿಲ್ಲ" ಎಂದರು.

"ನಾಲ್ಕು ಜನ ಸೇರಿ ಒಂದು ಮಂಚ ಹೊರುವಾಗ ಒಬ್ಬ ಆಗಾಗ ಕೈ ಬಿಟ್ರೆ ಹೇಗೆ? ಹಾಗೆ," ಎಂದಳು ಲೊರೈನ್.

ಯಶೋಧರ ಸ್ಕ್ಯಾನರಿನ ಕಡೆ ಬಗ್ಗಿದ. "ಅಂದ್ರೆ ಇಂಜಿನ್ ಖಲಾಸಾ?"

"ತಡೀರಿ ಅಣ್ಣ. ಕೋಡ್ ಜಾಗ ತೋರಿಸ್ತದೆ, ಕಾರಣ ಹುಡುಕ್ಬೇಕು."

ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಪ್ರತಿ ಸಿಲಿಂಡರಿಗೂ ಒಂದೊಂದಿರುತ್ತದೆ. ಮೊಯ್ದಿನಬ್ಬ ಮೂರನೆಯದನ್ನು ಕಳಚಿ ಎರಡನೆಯದರ ಜಾಗಕ್ಕೆ, ಅದನ್ನು ಇದರ ಜಾಗಕ್ಕೆ ಹಾಕಿ ಮತ್ತೆ ಇಂಜಿನ್ ಚಾಲೂ ಮಾಡಿದರು. ಈ ಸಲ ಸ್ಕ್ಯಾನರ್ ಎರಡನೇ ಸಿಲಿಂಡರ್ ಎಂದಿತು.

"ನೋಡಿ, ಕಾಯಿಲ್ ಹೋದಲ್ಲಿಗೇ ತೊಂದರೆಯೂ ಹೋಯ್ತು. ಕೆಟ್ಟದ್ದು ಕಾಯಿಲ್, ಇಂಜಿನ್ ಅಲ್ಲ," ಎಂದಳು ಲೊರೈನ್. "ಪ್ಲಗ್ಗಿನ ತುದಿಯೂ ಸವೆದು ಹೋಗಿದೆ. ಇನ್ನೂ ಹೀಗೇ ಓಡಿಸಿದ್ರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಭಾಗವನ್ನೂ ಸುಡ್ತಿತ್ತು. ಆಗ ದೊಡ್ಡ ಖರ್ಚು."

ಹೊಸ ಕಾಯಿಲ್, ಹೊಸ ಪ್ಲಗ್ಗುಗಳು ಬಂದವು. ಯಶೋಧರ ಪುಷ್ಪಾವತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಗೆ ಹೋಗಿ ಆಕ್ಸಿಲರೇಟರ್ ಒತ್ತಿದ. ಕಾರು ಒಮ್ಮೆಯೂ ಅದುರದೆ ನಯವಾಗಿ ಓಡಿತು. ಅವನ ಕಣ್ಣು ಮಂಜಾಯಿತು.

"ನಿನ್ನೆಯ ಟ್ರಕ್ಕು ನೆನೆಸಿದ್ರೆ ಮೈ ಜುಂ ಅಂತದೆ ಪುಷ್ಪಾ. ಮೊದಲೇ ತೋರಿಸ್ಬೇಕಿತ್ತು ನಾನು."

"ಕಾರು ಇಟ್ಕೊಳ್ಳಿ, ಬೇಡ ಅಂದವರಾರು?" ಎಂದಳು ಪುಷ್ಪಾವತಿ. "ಆದ್ರೆ ಇನ್ನು ಸರ್ವೀಸ್ ಯಾವಾಗ ಅಂತ ಹೇಳುವುದು ನಾನು. ಆಯ್ತಾ?"

"ಆಯ್ತಮ್ಮ," ಎಂದು ಯಶೋಧರ ನಕ್ಕ.

ಈ ಕಥೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕಾರೂ ವೇಗ ಏರಿಸುವಾಗ ನಡುಗುತ್ತಿದೆಯೆ? ವಯಸ್ಸಾಯಿತೆಂದು ಬಿಟ್ಟುಬಿಡಬೇಡಿ. ಯಾವಾಗ, ಹೇಗೆ ನಡುಗುತ್ತದೆ ಎಂದು ಗಮನಿಸಿ ಮೆಕ್ಯಾನಿಕ್‌ಗೆ ಹೇಳಿ. ಕೆಲವೊಮ್ಮೆ ಕಾಯಿಲ್, ಪ್ಲಗ್ ಇರಬಹುದು. ಕೆಲವೊಮ್ಮೆ ಇಂಜಿನ್ ಕೂರಿಸಿದ ರಬ್ಬರ್, ಗೇರ್‌ಬಾಕ್ಸ್ ಕೂಡ ಇರಬಹುದು. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿಭಾಗ ಬದಲಾಯಿಸಿ. ಇಂಜಿನ್ ದೀಪ ಮಿನುಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಗ್ಯಾರೇಜಿನವರು ಏನೆನ್ನುವರೋ ಎಂಬ ಅಳುಕು ಬಿಡಿ. ಹಿಂದಿನ ಸೀಟಿನಲ್ಲಿ ನಿಮ್ಮ ಮಕ್ಕಳು ಕೂತಿರುತ್ತಾರೆ. ಈ ವಾರವೇ ಕಾರು ತೋರಿಸಿ.