ಮುರಿಯದ ಕತ್ತು

ಕತ್ತಿಗೆ ಮತ್ತೆ ಕಟ್ಟಿದ ಬಿದಿರಿನ ದಬ್ಬೆಯೂ ಜಾರಿತು. ಬೆಕ್ಕು ಗದ್ದವನ್ನು ಎದೆಗೆ ಒತ್ತಿಕೊಂಡೇ ಕಣ್ಣನ್ನಷ್ಟೇ ಮೇಲೆತ್ತಿ ಪಾಲಣ್ಣನನ್ನು ನೋಡಿತು. ಬಿ.ದುರ್ಗದ ಸುತ್ತಮುತ್ತ ಯಾರ ಕೈಕಾಲು ಮುರಿದರೂ ಕಟ್ಟು ಹಾಕಿಸಿಕೊಳ್ಳಲು ಜನ ಬರುತ್ತಿದ್ದುದು ಅವನ ಜಗಲಿಗೆ. ಮನುಷ್ಯರದಾಗಲಿ ಕುರಿಯದಾಗಲಿ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೂಳೆ ಎಲ್ಲಿ ತಪ್ಪಿದೆಯೆಂದು ಅವನಿಗೆ ತಿಳಿದುಬಿಡುತ್ತಿತ್ತು. ಈ ಕತ್ತಿನಲ್ಲಿ ಮಾತ್ರ ಬೆರಳಿಗೆ ಏನೂ ಸಿಕ್ಕಿರಲಿಲ್ಲ. ಸಿಗದಿದ್ದರೂ ಕಟ್ಟಿದ್ದ.

ಅಟ್ಟದಿಂದ ಬಿದ್ದಿರಬೇಕೆಂದು ಊಹಿಸಿ, ಮೊಟ್ಟೆಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಬಳಿದು, ಬಟ್ಟೆ ಸುತ್ತಿದ್ದ. ಬಣ್ಣ ನೋಡಿ ಬೂದಿ ಎಂದು ಹೆಸರಿಟ್ಟಿದ್ದ ಆ ಬೆಕ್ಕು ಆ ಭಾರವನ್ನೆಲ್ಲ ಹೊತ್ತು ಗೋಡೆಗೆ ಒರಗಿ ನಡೆಯುತ್ತಿತ್ತು. ಈಗ ಹಿಂಗಾಲುಗಳೂ ಕುಸಿಯತೊಡಗಿದ್ದವು. ತಟ್ಟೆಯ ಹಾಲಿಗೆ ಬಾಯಿ ತಾಗುವ ಮೊದಲೇ ಮೂಗು ಮುಳುಗಿ ಸೀನುತ್ತಿತ್ತು.

“ಬಿಚ್ರಿ ಅದನ್ನ,” ಎಂದಳು ಹೆಂಡತಿ ರಂಗಕ್ಕ. “ಊರೋರ ಮೂಳೆ ಕಟ್ಟಿ ಕಟ್ಟಿ ನಿಮಗೆ ಎಲ್ಲಾ ಮುರಿದಂಗೇ ಕಾಣ್ತೈತೆ. ಚಿತ್ರದುರ್ಗದಾಗೆ ಡಾಕ್ಟ್ರು ಅವ್ರೆ, ಕರ್ಕಂಡು ಹೋಗ್ರಿ.”

ಡಾಕ್ಟರ ಕಣ್ಣಿಗೆ ತನ್ನ ಕಟ್ಟು ಬೀಳುತ್ತದಲ್ಲ ಎಂಬ ಸಂಕೋಚವೇ ಅವನನ್ನು ಅಷ್ಟು ದಿನ ತಡೆದಿತ್ತು. ಬಿಚ್ಚಿಕೊಂಡು ಹೋದರೆ ಕತ್ತು ಇನ್ನಷ್ಟು ಜೋತು ಬಿದ್ದೀತೆಂಬ ಹೆದರಿಕೆಯೂ ಇತ್ತು. ಕಟ್ಟಿನ ಸಮೇತ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಕಂಡಕ್ಟರು ಬಗ್ಗಿ ನೋಡಿ, “ಏನಪ್ಪ ಪಾಲಣ್ಣ, ಬೇಲಿ ಹಾರೋ ಮೇಕೆ ಕತ್ತಿಗೆ ಕೋಲು ಕಟ್ಟಿದಂಗೆ ಕಟ್ಟೀಯಲ್ಲ,” ಎಂದ. ಹಿಂದಿನ ಸೀಟಿನವರು ನಕ್ಕರು. ಪಾಲಣ್ಣ ಬುಟ್ಟಿಯ ಮೇಲೆ ಟವೆಲ್ ಎಳೆದ.

ಚಿತ್ರದುರ್ಗದ ಪಶುವೈದ್ಯೆ ಡಾಕ್ಟರ್ ಬೃಂದಾ ಏನೊಂದೂ ಕೇಳದೆ ಕತ್ತರಿಯಿಂದ ಕಟ್ಟನ್ನು ಬಿಡಿಸಿ ಪಕ್ಕಕ್ಕಿಟ್ಟರು. ರಕ್ತ ತೆಗೆದರು. ಮುಂಗಾಲಿಗೆ ಪುಟ್ಟದೊಂದು ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದರು. ಹೊಟ್ಟೆಯ ಕೂದಲು ಬೋಳಿಸಿ ಸ್ಕ್ಯಾನ್ ಮಾಡುವಾಗ ಪರದೆಯ ಮೇಲೊಂದು ಕಡೆ ಬಹಳ ಹೊತ್ತು ನಿಂತರು. ರಕ್ತದ ವರದಿ ಬಂದ ಮೇಲೆ ಅವನನ್ನು ಕೂರಿಸಿ ಹೇಳಿದರು: ಕತ್ತಿನ ಮೂಳೆಗೆ ಏನೂ ಆಗಿಲ್ಲ. ಮೂತ್ರಪಿಂಡದ ಪಕ್ಕದಲ್ಲಿ ಒಂದು ಸಣ್ಣ ಗ್ರಂಥಿಯಿದೆ. ಅದರಲ್ಲಿ ಕಡಲೆಬೀಜದಷ್ಟು ಗಡ್ಡೆ ಬೆಳೆದಿದೆ. ಅದು ಅಳತೆ ಮೀರಿ ರಸ ಸುರಿಸುವುದರಿಂದ ಮೈಯೊಳಗಿನ ಪೊಟ್ಯಾಸಿಯಂ ಎಂಬ ಲವಣ ಮೂತ್ರದಲ್ಲಿ ಹರಿದುಹೋಗುತ್ತಿದೆ. ಅದಿಲ್ಲದೆ ಸ್ನಾಯುಗಳಿಗೆ ಕತ್ತನ್ನು ಎತ್ತಿ ಹಿಡಿಯುವ ಬಲವಿಲ್ಲ. ಅದೇ ರಸದಿಂದ ರಕ್ತದೊತ್ತಡವೂ ಏರಿದೆ, ಹೀಗೇ ಏರುತ್ತಿದ್ದರೆ ಕಣ್ಣೂ ಹೋದೀತು.

ಪಾಲಣ್ಣ ಎಲ್ಲವನ್ನೂ ಕೇಳಿ, ಕೊನೆಗೆ ಮೇಜಿನ ಮೇಲಿದ್ದ ದಬ್ಬೆಗಳ ಕಡೆ ಕೈ ತೋರಿಸಿದ. “ಇದ್ರಿಂದ ಏನಾರ ಕೆಟ್ಟೈತಾ, ಅವ್ವಾ?”

“ಇದರಿಂದ ಕೆಡಲಿಲ್ಲ. ನೀವು ಬರೋದು ತಡ ಆಯ್ತು, ಅಷ್ಟೆ.”

ಆ ‘ಅಷ್ಟೆ’ ಊರು ತಲುಪುವವರೆಗೂ ಅವನನ್ನು ಬಿಡಲಿಲ್ಲ.

ಪೊಟ್ಯಾಸಿಯಂ ಔಷಧಿ, ಗ್ರಂಥಿಯ ರಸವನ್ನು ತಡೆಯಲೊಂದು ಮಾತ್ರೆ, ಒತ್ತಡಕ್ಕೆ ಇನ್ನೊಂದು. ರಂಗಕ್ಕ ಬಾಯಿ ಅಗಲಿಸಿ ಹಿಡಿಯುವಳು, ಅವನು ಹಾಕುವನು. ಹೀಗೇ ವಾರಗಳು ಕಳೆದವು. ಬೂದಿಯ ತಲೆ ಮೆಲ್ಲಗೆ ಮೇಲೆದ್ದಿತು. ಒಂದು ದಿನ ಅದು ರಾಗಿ ಡ್ರಮ್ಮಿನ ಮೇಲಕ್ಕೆ ಹಾರಿತು. ರಕ್ತದಲ್ಲಿ ಪೊಟ್ಯಾಸಿಯಂ ಸರಿಹೋದ ಕೂಡಲೇ ಶಿವಮೊಗ್ಗದ ಪಶುವೈದ್ಯ ಕಾಲೇಜಿನಲ್ಲಿ ಗ್ರಂಥಿ ತೆಗೆಸಬಹುದು ಎಂದಿದ್ದರು ಬೃಂದಾ. ಗಡ್ಡೆಯಿನ್ನೂ ಬೇರೆಡೆಗೆ ಹರಡಿಲ್ಲ. ಆದರೆ ದೊಡ್ಡ ರಕ್ತನಾಳದ ಮಗ್ಗುಲಲ್ಲೇ ಕತ್ತರಿ ಆಡಬೇಕು, ಬೆಕ್ಕಿಗೂ ವಯಸ್ಸಾಗಿದೆ, ಮಂಪರಿನಿಂದ ಏಳದೆಯೂ ಹೋಗಬಹುದು.

“ಆಡ್ಕಂಡ್ ಐತೆ. ಈಗ್ಯಾಕ್ರಿ ಕೊಯ್ಸೋದು?” ಎಂದು ರಂಗಕ್ಕ ಪಟ್ಟು ಹಿಡಿದಳು.

ಪಾಲಣ್ಣ ಜಗಲಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಜಗಲಿಗೆ ಓಡಾಡಿದ. ಕಾಲು ಉಳುಕಿಸಿಕೊಂಡು ಬಂದವನೊಬ್ಬನ ಪಾದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದು, ಎಂದೂ ಹೇಳದವನು ಅಂದು, ಹೊಳಲ್ಕೆರೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಾ ಎಂದು ಕಳಿಸಿದ. ಆಮೇಲೆ ಒಳಗೆ ಬಂದು, ಒಲೆಯ ಮುಂದಿದ್ದ ಹೆಂಡತಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತ.

“ಆ ಗುಳಿಗೆ ನನ್ ದಬ್ಬೆ ಇದ್ದಂಗೆ ಕಣೆ. ಒಳಗೆ ಮೂಳೆ ಕೂಡ್ಕಂತೈತೆ ಅಂತ ಹೊರಗೆ ಕಟ್ತೀವಿ. ಇದ್ರಾಗೆ ಕೂಡೋದೇನೈತೆ? ಗಡ್ಡೆ ಬೆಳೀತಾ ಐತೆ.”

ರಂಗಕ್ಕ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. “ಉಳೀದೆ ಹೋದ್ರೆ ಗುಣಿ ನೀವೇ ತೋಡ್ಬೇಕು. ನಾ ನೋಡಲ್ಲ,” ಎಂದಳು. ಮರುದಿನ ತನ್ನ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಸಿದವಳೂ ಅವಳೇ.

ಶಿವಮೊಗ್ಗದಲ್ಲಿ ಬೂದಿಯನ್ನು ಒಳಗೆ ಕರೆದೊಯ್ದ ಮೇಲೆ ಅವನಿಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ. ನಿಂತ, ನಡೆದ, ನಲ್ಲಿಯಲ್ಲಿ ಕೈ ತೊಳೆದ, ಮತ್ತೆ ತೊಳೆದ. ನಡುವೆ ಯಾರೋ ಅವಸರದಿಂದ ಹೊರಬಂದು ಒಂದು ಬಾಟಲಿ ಹಿಡಿದು ಒಳಕ್ಕೋಡಿದರು. ಬಿಸಿಲು ಗೋಡೆಯಿಂದಿಳಿದು ಅಂಗಳ ದಾಟಿದ ಮೇಲೆ ಡಾಕ್ಟರು ಬಂದು, ಗಡ್ಡೆ ಪೂರ್ತಿ ಹೊರಗೆ ಬಂದಿದೆ, ರಕ್ತವೂ ಸ್ವಲ್ಪ ಹೋಗಿದೆ, ಇನ್ನು ಎಚ್ಚರವಾಗಬೇಕು ಎಂದರು. ಬೇಕಿದ್ದರೆ ಹತ್ತಿರ ಕೂರಬಹುದು ಎಂದೂ ಹೇಳಿದರು.

ಕಂಬಳಿಯೊಳಗೆ ಬೂದಿ ಬಟ್ಟೆಯ ತುಂಡಿನಂತೆ ಬಿದ್ದಿತ್ತು. ಪಾಲಣ್ಣ ಮಂಡಿಯೂರಿ, ಅದರ ಗದ್ದದಡಿಗೆ ಅಂಗೈ ಸೇರಿಸಿದ. ಇಡೀ ತಲೆಯ ಭಾರ ಅವನ ಕೈಮೇಲೆ ಇಳಿಯಿತು. ಹೊರಗೆ ದೀಪ ಹತ್ತಿಸಿದರು. ಅವನ ಮೊಣಕೈ ಜೋಮು ಹಿಡಿಯಿತು. ಎಷ್ಟೋ ಹೊತ್ತಿನ ಮೇಲೆ ಕತ್ತು ಮೆಲ್ಲಗೆ ಬಿಗಿದು, ಆ ಭಾರ ಎಳ್ಳಷ್ಟು ಹಗುರವಾಯಿತು. ಅವನು ಕೈಯನ್ನು ಹಿಂದಕ್ಕೆಳೆಯಲಿಲ್ಲ. ಒಂದು ಕೂದಲೆಳೆಯಷ್ಟು ಕೆಳಗಿಳಿಸಿ, ಅಲ್ಲೇ ಹಿಡಿದುಕೊಂಡು ಕಾದ.